ಕಾವಲುಗಾರನ ನಾಲ್ಕನೆಯ ಉತ್ತರ

ಕಂಪ್ಯೂಟರಿನಲ್ಲಿ ಪಾತ್ರವಾಗಿ ಆಡುವ ಆಟಕ್ಕಿಂತ, ಮೇಜಿನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟಿ ಆಡುವ ಆಟವೇ ಶ್ರೇಷ್ಠ ಎಂದು ಸಾಬೀತು ಮಾಡಿಯೇ ಏಳುತ್ತೇನೆಂದು ಶನಿವಾರ ಬೆಳಿಗ್ಗೆ ಪಣ ತೊಟ್ಟೆ. ಎದುರಿಗಿದ್ದವರು ಹೆಂಡತಿ ಮತ್ತು ಹದಿನೇಳರ ಮಗಳು. ಮಗಳು ವಾರದಿಂದ ಮಾತು ಬಿಟ್ಟಿದ್ದಳು. ಹಿಮಪರ್ವತ ಹತ್ತುವ ತರಬೇತಿಯ ಅರ್ಜಿಗೆ ನನ್ನ ಸಹಿ ಬೇಕಿತ್ತು; ಅಂದು ಮಧ್ಯಾಹ್ನವೇ ಗಡುವು. ನಾನು ಅರ್ಜಿಯ ಮೇಲೆ ಪತ್ರಿಕೆ, ಪತ್ರಿಕೆಯ ಮೇಲೆ ಕನ್ನಡಕ ಇಟ್ಟು, ಮರೆತವನಂತೆ ಓಡಾಡುತ್ತಿದ್ದೆ.

ಇಪ್ಪತ್ತು ಮುಖದ ದಾಳವನ್ನು ಮೇಜಿನ ಮೇಲಿಟ್ಟು ಭಾಷಣ ಆರಂಭಿಸಿದೆ. “ನಿನ್ನ ಕಂಪ್ಯೂಟರ್ ಆಟದ ಕಾವಲುಗಾರ, ತನಗೆ ಹೇಳಿಕೊಟ್ಟ ಮೂರು ಮಾತು ಬಿಟ್ಟು ನಾಲ್ಕನೇದು ಆಡಲ್ಲ. ಇಲ್ಲಿ ಏನು ಬೇಕಾದ್ರೂ ಕೇಳು, ಹೊಸ ಉತ್ತರ ಸಿಗುತ್ತೆ. ಯಾಕಂದ್ರೆ ಇಲ್ಲಿ ಕೂತಿರೋನು ಮನುಷ್ಯ.”

“ಸರಿ,” ಎಂದಳು ಮಗಳು. ಆ ವಾರದ ಮೊದಲ ಮಾತು. “ನಾನು ದಾರಿಹೋಕಳು, ಅಮ್ಮ ನನ್ನ ಜೊತೆಗಿರೋ ವೈದ್ಯೆ. ನೀನು ಕೋಟೆ ಕಾಯೋನು. ಕಾವಲುಗಾರ, ಬಾಗಿಲು ತೆಗಿ. ಆಚೆ ಬೆಟ್ಟ ಹತ್ತಬೇಕು.”

ನಾನು ಗಂಟಲು ಸರಿಮಾಡಿಕೊಂಡು, ಕೋಟೆಗೆ ತಕ್ಕ ಗಾಂಭೀರ್ಯದಿಂದ ನುಡಿದೆ: “ನೋಡೋಣ.”

“ಯಾವಾಗ?”

“ಹೂಂ.”

ಬಟಾಣಿ ಬಿಡಿಸುತ್ತಿದ್ದ ವೈದ್ಯೆ ತಲೆಯೆತ್ತಿದಳು. “ಹೂಂ ಅಂದ್ರೆ ತೆಗೀತೀಯೋ, ಇಲ್ವೋ?”

ನಾನು ದಾರಿಹೋಕಳ ಕಡೆ ತಿರುಗಿದೆ. “ನಿಮ್ಮಮ್ಮನ್ನ ಕೇಳು.”

“ಮೂರೂ ಮುಗೀತು,” ಎಂದಳು ಹೆಂಡತಿ. “ಹದಿನೇಳು ವರ್ಷದಿಂದ ಈ ಮನೇಲಿ ಇವೇ ಮೂರು. ಕಂಪ್ಯೂಟರಿನವನ ಕೈಲಿ ಕತ್ತಿಯಾದ್ರೂ ಇರುತ್ತೆ.”

ಬಾಗಿಲು ತೆಗೆಸಲು ಮಗಳು ದಾಳ ಉರುಳಿಸಿದಳು. ಎಲ್ಲಕ್ಕಿಂತ ಕಡಿಮೆಯ ಒಂದು ಬಿತ್ತು. “ನೀನು ಸೋತೆ,” ಎಂದೆ, ಉಸಿರು ಬಿಟ್ಟು.

“ಸೋತೋರೂ ಕೇಳಬಹುದಲ್ಲ? ಯಾಕೆ ತೆಗೀತಿಲ್ಲ?”

ದಾಳ ನೋಡುತ್ತ ಹೇಳಿದೆ. “ಕಂಪ್ಯೂಟರಲ್ಲಿ ಬಿದ್ರೆ ಹಿಂದಿನ ಜಾಗದಿಂದ ಮತ್ತೆ ಶುರು ಮಾಡ್ತೀಯ. ಆ ಬೆಟ್ಟದಲ್ಲಿ ಹಾಗಾಗಲ್ಲ, ಮಗಳೇ.”

ಕಾವಲುಗಾರರು ಯಾರನ್ನೂ ‘ಮಗಳೇ’ ಎನ್ನುವುದಿಲ್ಲ. ಬಟಾಣಿಯ ಸದ್ದು ನಿಂತಿತು.

“ಇದು ನಾಲ್ಕನೇದು,” ಎಂದಳು ಮಗಳು ಮೆಲ್ಲಗೆ. “ಅರ್ಜಿ ಕೊಟ್ಟ ದಿನವೇ ಇದನ್ನ ಹೇಳಿದ್ದಿದ್ರೆ ಆವತ್ತೇ ತೋರಿಸ್ತಿದ್ದೆ.” ಒಳಗಿನಿಂದ ಹಗ್ಗ ತಂದು ನನ್ನ ಸೊಂಟಕ್ಕೂ ಕುರ್ಚಿಗೂ ಸೇರಿಸಿ ಗಂಟು ಹಾಕಿದಳು. “ಎಳಿ. ಬೆಟ್ಟದಲ್ಲಿ ನನ್ನನ್ನ ಹಿಡಿಯೋದು ಇದೇ ಗಂಟು.”

ಎಳೆದೆ. ಹೊರಳಾಡಿದೆ. ಕುರ್ಚಿ ಕಿರುಗುಟ್ಟಿತು, ಗಂಟು ಮಿಸುಕಲಿಲ್ಲ. ಮೇಜಿನ ಮೇಲಿದ್ದ ಪತ್ರಿಕೆ ಸರಿಸಿ ಅರ್ಜಿಗೆ ಸಹಿ ಹಾಕಿದೆ. ಅವಳು ಅರ್ಜಿ ಕಸಿದುಕೊಂಡು ಒಂದೇ ಉಸಿರಿಗೆ ಮೆಟ್ಟಿಲಿಳಿದು ಹೋದಳು.

ಸೈಕಲ್ಲಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿದ ಮೇಲೆ ಹೆಂಡತಿಯನ್ನು ಕೇಳಿದೆ, “ಇದನ್ನ ಬಿಚ್ಚೋಕೆ ನಿನಗೆ ಬರುತ್ತಾ?”

ಅವಳು ಇನ್ನೊಂದು ಬಟಾಣಿ ಕೈಗೆತ್ತಿಕೊಂಡಳು.

“ನೋಡೋಣ.”