ಕಿಟಕಿಯ ಹೊರಗಿನ ಫೋನು

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ತುಳಸಿಗೆ ನೀರು ಹಾಕುವುದೋ, ಕನ್ನಡಕ ಒರೆಸುವುದೋ ತುರ್ತಾಗಿ ನೆನಪಾಗುತ್ತಿತ್ತು. ಈಗ ತುಳಸಿ ಕೊಳೆತಿದೆ, ಕನ್ನಡಕ ಫಳಫಳ ಹೊಳೆಯುತ್ತಿದೆ. ನೆಪ ಯಾವುದೂ ಉಳಿದಿಲ್ಲ.

ತಮಿಳು ಸೀಮೆಯ ಸೂಲೂರಿನ ನಮ್ಮ ಬೀದಿಯ ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತುತ್ತಾರೆ. ಮೊದಲು ಎಲ್ಲರಿಗೂ ಒಂದೇ ಪಾಠ. ಅಲ್ಲಿ ತಡವರಿಸುವ ನಾಲ್ಕೈದು ಮಂದಿಗೆ ಊಟದ ನಂತರ ಬೇರೆ ಗುಂಪು. ಅದರಲ್ಲೂ ಆಗದಿದ್ದರೆ ಟೀಚರ್ ಒಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ನನ್ನ ಮೊಮ್ಮಗಳು ಊಟದ ನಂತರದ ಗುಂಪಿಗೆ ಸೇರಿದಳು. ಅವಳಿಗೆ ಖುಷಿಯೋ ಖುಷಿ. ನನಗೆ ಮಾತ್ರ ನಮ್ಮ ವಂಶವನ್ನೇ ಬೆಂಚಿನ ಮೇಲೆ ನಿಲ್ಲಿಸಿದಂತಾಯಿತು. ಲೆಕ್ಕದಲ್ಲಿ ಒದ್ದಾಡಿ ಹೇಗೋ ಹತ್ತನೇ ಕ್ಲಾಸು ದಾಟಿದವನು ನಾನು. ವಂಶದ ಮರ್ಯಾದೆಯ ಚಿಂತೆ ನನಗಲ್ಲದೆ ಇನ್ಯಾರಿಗೆ?

ಶುಕ್ರವಾರ ಟೀಚರ್ ಒಬ್ಬೊಬ್ಬರಿಗೂ ತಮಿಳು ಕತೆ ಕೊಟ್ಟು, ಮನಸ್ಸಿನಲ್ಲೇ ಓದಿಕೊಳ್ಳಲು ಹೇಳಿ, ಪ್ರಶ್ನೆ ಕೇಳುತ್ತಿದ್ದರು. ಸರಿಯಾಗಿ ಹೇಳಿದವರಿಗೆ ಗುಂಪಿನಿಂದ ಬಿಡುಗಡೆ. ಮೊಮ್ಮಗಳನ್ನು ಕರೆದೊಯ್ಯಲು ಹೋದ ನಾನು ಕಿಟಕಿಯ ಹೊರಗೇ ಕೂತಿದ್ದೆ. ಅವಳಿಗೆ ಸಿಕ್ಕ ನರಿಯ ಕತೆ ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. "ನರಿ ಯಾಕೆ ಓಡಿತು?" ಎಂದು ಟೀಚರ್ ತಮಿಳಿನಲ್ಲಿ ಕೇಳಿದರು. ಮೊಮ್ಮಗಳು ಕಿಟಕಿಯತ್ತ ತಿರುಗಿದಳು. ನಾನು ಫೋನು ಕಿವಿಗಿಟ್ಟು ಕನ್ನಡದಲ್ಲಿ ಕೂಗಿದೆ: "ಬೆಂಕಿ ನೋಡಿ ಹೆದರ್ಕೊಂಡ್ಬಿಡ್ತಂತೆ ಕಣಪ್ಪಾ, ಪಾಪ!" ಟೀಚರಿಗೆ ಕನ್ನಡ ಬಾರದು. ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಟ್ಟಳು. ಮುಂದಿನ ಪ್ರಶ್ನೆಗಳಿಗೂ ನನಗೆ ಹೀಗೇ ಫೋನು ಬಂತು.

ದಾರಿಯಲ್ಲಿ ಜಿಲೇಬಿ ಕೊಡಿಸಿದೆ.

"ತಾತಾ, ನಾ ಓದ್ಲೇ ಇಲ್ವಲ್ಲ," ಎಂದಳು.

"ಸುಮ್ನಿರಮ್ಮಾ, ಗುಂಪಿಂದ ಆಚೆ ಬಂದ್ಯಲ್ಲ!"

ಮುಂದಿನ ಪರೀಕ್ಷೆಯಲ್ಲಿ ಅವಳಿಗೆ ಒಂದು ಸಾಲೂ ಓದಲಾಗಲಿಲ್ಲ. "ಏನ್ ಮಾವಾ ಇದು? ಟೀಚರೇ ಇನ್ ಸಾಕು ಅಂದಿದ್ರಲ್ಲ!" ಎಂದಳು ಸೊಸೆ. "ಪೂರಾ ಆಟದ ಮೇಲೇ ಗಮನ ಅವ್ಳಿಗೆ" ಎಂದುಬಿಟ್ಟೆ. ಮಗುವಿಗೆ ಬೈಗುಳ ಬಿತ್ತು, ಆಟ ನಿಂತಿತು. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು, ಫೋನಿನ ಸುದ್ದಿ ಎತ್ತಲಿಲ್ಲ.

ಆಯುಸ್ಸೆಲ್ಲ ಮಗ್ಗದ ಮುಂದೆ ಕಳೆದವನು ನಾನು. ಎಳೆ ಕಡಿದುಹೋದರೆ ಮಗ್ಗ ನಿಲ್ಲಿಸಿ ಆ ಒಂದೇ ಎಳೆಗೆ ಗಂಟು ಹಾಕಬೇಕು. ಕಾಣದವನಂತೆ ನೇಯ್ದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ನೂಲಿಗೆ ತೋರಿಸಿದ ಮರ್ಯಾದೆಯನ್ನು ಮಗುವಿಗೆ ತೋರಿಸಲಿಲ್ಲವಲ್ಲ ಎಂದು ಟೀಚರ್ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಓದಿಸತೊಡಗಿದರು. ನನಗೂ ಒಂದು ಏರ್ಪಾಡು ಮಾಡಿ ತಮಿಳಿನಲ್ಲಿ ಹೇಳಿದರು: "ಅಯ್ಯಾ, ಇನ್ಮೇಲೆ ನೀವು ಗೇಟ್ ಹತ್ರ ಕೂತ್ಕೊಳ್ಳಿ. ಫೋನ್ ನನ್ ಮೇಜಿನ ಮೇಲಿರ್ಲಿ."

ಈಗ ಅವಳು ಓದುತ್ತಾಳೆ. ಸಂಜೆ ನನಗೆ ಕತೆ ಓದಿ ಹೇಳಿ, "ನರಿ ಯಾಕ್ ಓಡ್ತು ತಾತಾ?" ಎನ್ನುತ್ತಾಳೆ. ನಾನು ತೂಕಡಿಸುತ್ತಿದ್ದರೆ ಅಂಗೈಯನ್ನು ಕಿವಿಗಿಟ್ಟು, "ಬೆಂಕಿ ನೋಡಿ ಹೆದರ್ಕೊಂಡ್ಬಿಡ್ತಂತೆ, ಪಾಪ!" ಎಂದು ಕೂಗುತ್ತಾಳೆ.

ಟೀಚರಿಗೆ ತಪ್ಪಾಯಿತು ಎಂದೆ. ಸೊಸೆಗೂ ಹೇಳಿದೆ. ಬೈಗುಳ ತಿಂದೂ ನನ್ನನ್ನು ಬಿಟ್ಟುಕೊಡದವಳ ಮುಂದೆ ಬಾಯಿ ತೆರೆದರೆ ಮಾತ್ರ ತುಳಸಿ ನೆನಪಾಗುತ್ತದೆ. ಅದಕ್ಕೇ ಇದನ್ನು ಬರೆದಿಟ್ಟಿದ್ದು ಮೊಮ್ಮಗಳಿಗೆ; ಅವಳ ಹೆಸರು ಚೌಡೇಶ್ವರಿ.