ಹ್ಯಾನಾ ಎಂದರೆ ಅನುಗ್ರಹ

ಧನಂಜಯನಿಗೆ ಬಂದ ಆಪತ್ತಿಗೆ ಮೂಲ ಕಾರಣ ಒಂದು ಹೆಣ್ಣಿನ ಹೆಸರು. ತಪ್ಪು ತಿಳಿಯಬೇಡಿ, ಪರಸ್ತ್ರೀಯರ ಹೆಸರೆತ್ತುವಷ್ಟು ಧೈರ್ಯ ಅವನಿಗೆ ಈ ಜನ್ಮದಲ್ಲಿ ಬರುವಂತಿರಲಿಲ್ಲ. ಆ ಹೆಸರೇ ತಾನಾಗಿ ಬೆಳಗಿನ ಕಾಫಿಯ ಹೊತ್ತಿಗೆ ಅವನ ಫೋನಿನ ಮೇಲೆ ಬಂದು ಕುಳಿತಿತ್ತು: ಇವತ್ತು ಸಂಜೆ ನಾಲ್ಕಕ್ಕೆ, ಹದಿನೈದು ನಿಮಿಷ, ಸಣ್ಣ ಮಾತುಕತೆ. ಕರೆದವರು, ಹ್ಯಾನಾ.

ಧನಂಜಯ ಕಾಫಿಲೋಟ ಕೆಳಗಿಟ್ಟ. ಹತ್ತಿರದ ಕೆಂಟ್ ಊರಿನ ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಅವನ ಕಂಪನಿ ಕಳೆದ ತಿಂಗಳಿಂದ ಜನರನ್ನು ಮನೆಗೆ ಕಳಿಸುತ್ತಿತ್ತು. ಕಳಿಸುವ ಕೆಲಸ ಎಚ್‌ಆರ್‌ನ ಹ್ಯಾನಾಳದು. ಅವಳು ದನಿ ಎತ್ತಿದವಳಲ್ಲ, ರೇಗಿದವಳಲ್ಲ. ಒಳಗೆ ಕರೆದು, ನಗುತ್ತ ಕ್ಷೇಮಸಮಾಚಾರ ಕೇಳಿ, ಟಿಶ್ಯೂ ಡಬ್ಬಿಯನ್ನು ಮುಂದಕ್ಕೆ ತಳ್ಳುತ್ತಿದ್ದಳಂತೆ. ಅಲ್ಲಿಗೆ ಕೆಲಸ ಮುಗಿಯಿತು. ಕೆಲಸ ಹೋದರೆ, ವೀಸಾದ ಮೇಲೆ ಈ ಪರದೇಶದಲ್ಲಿರುವವರಿಗೆ ಉಳಿಯುವುದು ಎರಡೇ ತಿಂಗಳು. ಅದಕ್ಕೆ ಗ್ರೇಸ್ ಪೀರಿಯಡ್ ಎಂದು ಹೆಸರು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಬಾಥೆಲ್‌ನ ಮನೆ, ಮಗಳ ಶಾಲೆ ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು.

"ಯಾಕ್ರೀ, ಮುಖ ಹಿಂಗಾಯ್ತು?" ಎಂದಳು ಹೆಂಡತಿ ಸುಪ್ರಿಯಾ. ಅವನು ಫೋನು ತೋರಿಸಿದ. ಅವಳು ಓದಿ, "ಹೋಯ್ತು" ಎಂದು ಕುರ್ಚಿಯಲ್ಲಿ ಕುಸಿದಳು.

ಹಾಲಲ್ಲಿ ಸೀರಿಯಲ್ ತೇಲಿಸುತ್ತಿದ್ದ ಮಗಳು ಅಕ್ಷಯಾ ತಲೆಯೆತ್ತಿದಳು. "ಹ್ಯಾನಾ? ಮೈ ಟೀಚರ್ ಈಸ್ ಹ್ಯಾನಾ. ಮೈ ಸ್ವಿಮ್ಮಿಂಗ್ ಟೀಚರ್ ಈಸ್ ಆಲ್ಸೋ ಹ್ಯಾನಾ. ದೇ ಆರ್ ಸೋ ನೈಸ್, ಅಪ್ಪಾ!"

"ಸುಮ್ನೆ ತಿನ್ನು ಪುಟ್ಟಾ" ಎಂದ ಧನಂಜಯ. ಆದರೆ ಮಗುವಿನ ಮಾತಿನಲ್ಲಿ ಅವನಿಗೆ ಒಂದೆಳೆ ಆಸೆ ಕಂಡಿತು. ತಕ್ಷಣ ತನ್ನದೇ ತಂಡದ ಸಹೋದ್ಯೋಗಿ ಚರಣ್‌ಗೆ ಫೋನ್ ಮಾಡಿದ.

"ಯಾವ ಹ್ಯಾನಾ ಗುರೂ?" ಎಂದ ಚರಣ್. "ನಮ್ಮ ಕಂಪನೀಲಿ ಏಳು ಜನ ಹ್ಯಾನಾ ಇದಾರೆ. ಒಂದು ಕಾಲದಲ್ಲಿ ಈ ದೇಶದಲ್ಲಿ ಹೆಣ್ಣು ಹುಟ್ಟಿದ್ರೆ ಸಾಕು, ಹ್ಯಾನಾ ಅಂತಿದ್ರಂತೆ. ಎಚ್‌ಆರ್ ಹ್ಯಾನಾದು ಪೂರ್ತಿ ಹೆಸರೇನು?"

"ಗೊತ್ತಿಲ್ಲ ಕಣೋ. ಗೊತ್ತಿರೋರು ಯಾರೂ ಈಗ ಕಂಪನೀಲಿ ಇಲ್ಲ."

ಯಾರು ಯಾವ ವಿಭಾಗದವರೆಂದು ನೋಡಿ ತಿಳಿಯುವ ದಾರಿಯೂ ಇರಲಿಲ್ಲ. ನೌಕರರು ಉಳಿದವರನ್ನು ಎಣಿಸುತ್ತ ಕೂರಬಾರದೆಂದು ಕಂಪನಿ ಆ ವಿವರವನ್ನೆಲ್ಲ ಮುಚ್ಚಿಟ್ಟಿತ್ತು.

"ಏಳರಲ್ಲಿ ಒಬ್ಬಳು ತಾನೇ? ಆರು ಪಾಲು ನೀನು ಸೇಫ್. ನನಗೂ ಪುಕಪುಕ ಅಂತಿದೆ, ಆದ್ರೂ ಇಡ್ಲಿ ತಿಂತಾ ಇದೀನಿ. ನೀನೂ ತಿಂಡಿ ತಿನ್ನು" ಎಂದು ಚರಣ್ ಫೋನಿಟ್ಟ.

ಆರು ಪಾಲಿನ ನೆಮ್ಮದಿ ಕಾಫಿ ಆರುವವರೆಗೂ ನಿಲ್ಲಲಿಲ್ಲ. ಉಳಿದ ಆರು ಜನ ಹ್ಯಾನಾಗಳಿಗೆ ತನ್ನಿಂದ ಆಗಬೇಕಾದ್ದಾದರೂ ಏನು? ಐದು ವರ್ಷದಲ್ಲಿ ಒಬ್ಬಳೂ ಒಂದು ಗುಡ್ ಮಾರ್ನಿಂಗ್ ಹೇಳಿರಲಿಲ್ಲ. ಮಧ್ಯಾಹ್ನದವರೆಗೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಧನಂಜಯ ಆಫೀಸಿಗೆ ತಿಳಿಸಿದ.

ಅಷ್ಟರಲ್ಲಿ ಸುಪ್ರಿಯಾ ಪಕ್ಕದ ಮನೆಯ ವಸಂತಲಕ್ಷ್ಮಿಗೆ, ಯಾರಿಗೂ ಹೇಳಬೇಡಿ ಎಂದು ಸುದ್ದಿ ತಿಳಿಸಿಯಾಗಿತ್ತು. ವಸಂತಲಕ್ಷ್ಮಿ ಗಂಡ ಬದರಿನಾಥನನ್ನು ಕರೆದುಕೊಂಡೇ ಬಂದಳು. ಬದರಿನಾಥ ಮೂರು ಸಲ ಕೆಲಸ ಕಳೆದುಕೊಂಡು ಮೂರು ಸಲವೂ ಹೊಸದು ಹುಡುಕಿಕೊಂಡವನು. ಹೀಗಾಗಿ ಆ ಬೀದಿಯ ಕನ್ನಡದವರಲ್ಲಿ ಅವನಿಗೆ ಒಂಥರಾ ರಾಜವೈದ್ಯನ ಸ್ಥಾನವಿತ್ತು.

"ಹೆದರ್ಕೋಬೇಡ ಕಣಯ್ಯಾ" ಎಂದು ಬದರಿನಾಥ ಸೋಫಾದಲ್ಲಿ ತಳವೂರಿದ. "ಬರ್ತಾ ದಾರೀಲೇ ಫೋನಲ್ಲಿ ನೋಡ್ದೆ. ಹ್ಯಾನಾ ಅನ್ನೋದು ಹೀಬ್ರೂ ಹೆಸರು. ಭಾಳ ಹಳೇದು. ಅರ್ಥ ಏನು ಗೊತ್ತಾ? ಕೃಪೆ, ಅನುಗ್ರಹ. ಇಂಗ್ಲಿಷಲ್ಲಿ ಗ್ರೇಸ್!"

"ಗ್ರೇಸ್ ಪೀರಿಯಡ್ಡು!" ಎಂದು ಸುಪ್ರಿಯಾ ಸೆರಗಿಲ್ಲದ ಟೀಶರ್ಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಅಯ್ಯೋ, ಅದಲ್ಲಮ್ಮಾ. ಇನ್ನೊಂದು ವಿಶೇಷ ಇದೆ. ಇಂಗ್ಲಿಷಲ್ಲಿ ಎಚ್-ಎ-ಎನ್-ಎನ್-ಎ-ಎಚ್ ಅಂತ ಬರೆದ್ರೆ ಎಡಗಡೆಯಿಂದ ಓದಿದ್ರೂ ಹ್ಯಾನಾ, ಬಲಗಡೆಯಿಂದ ಓದಿದ್ರೂ ಹ್ಯಾನಾ."

"ಅಂದ್ರೆ ಯಾವ ಕಡೆ ಓಡಿದ್ರೂ ಕೈಗೆ ಸಿಕ್ಕೇ ಸಿಕ್ತೀನಿ ಅನ್ನಿ ಸಾರ್" ಎಂದ ಧನಂಜಯ.

ವಸಂತಲಕ್ಷ್ಮಿಯ ಗಮನ ಹೀಬ್ರೂ ಕಡೆಗಿರಲಿಲ್ಲ. ಕಿಟಕಿಯ ಬಳಿ, ಹೀಟರಿನ ಪಕ್ಕದಲ್ಲಿ ಸುಪ್ರಿಯಾ ನಾಲ್ಕು ಚಳಿಗಾಲ ಕೂಸಿನಂತೆ ಕಾಪಾಡಿದ ಕರಿಬೇವಿನ ಗಿಡವಿತ್ತು. ಎದೆಯೆತ್ತರಕ್ಕೆ ಬೆಳೆದು ಕಡುಹಸಿರಾಗಿ ಹೊಳೆಯುತ್ತಿತ್ತು. "ಪಾಪ, ಇದನ್ನ ಫ್ಲೈಟಲ್ಲಿ ಬಿಡಲ್ಲ ಅಲ್ವಾ ಸುಪ್ರಿಯಾ?" ಎಂದು ಆಕೆ ಎಲೆ ಸವರಿದಳು. "ನೀವು ಹೋದ್ಮೇಲೆ ಒಣಗಿಬಿಡುತ್ತೆ. ಈಗ್ಲೇ ತಗೊಂಡ್ರೆ ನಮ್ಮನೆಗೆ ಒಗ್ಗುತ್ತೆ."

"ನಾವಿನ್ನೂ ಹೊರಟಿಲ್ಲ ವಸಂತಕ್ಕಾ" ಎಂದಳು ಸುಪ್ರಿಯಾ, ಅಳುವಿನ ನಡುವೆ.

"ಛೆ ಛೆ, ಹೋಗಿ ಅಂತ ಯಾರಂದ್ರು? ಗಿಡದ ಕ್ಷೇಮಕ್ಕೆ ಹೇಳ್ದೆ ಅಷ್ಟೆ." ಮಾತು ಮುಗಿಯುವ ಮೊದಲೇ ಕುಂಡ ಆಕೆಯ ಸೊಂಟದ ಮೇಲೆ ಕೂತಿತ್ತು. ಮಧ್ಯಾಹ್ನದೊಳಗೆ ಇನ್ನೂ ಇಬ್ಬರು ಸಂತಾಪ ಹೇಳಲು ಬಂದರು; ಒಬ್ಬರು ದೋಸೆಹಿಟ್ಟಿನ ಗ್ರೈಂಡರನ್ನೂ, ಇನ್ನೊಬ್ಬರು ಊಟದ ಮೇಜನ್ನೂ ತಮಗೇ ಕೊಡಬೇಕೆಂದು ಮಾತು ತೆಗೆದುಕೊಂಡು ಹೋದರು. ಬದುಕಿರುವಾಗಲೇ ತನ್ನ ತಿಥಿಯೂಟಕ್ಕೆ ಜನ ಸೇರಿದಂತೆ ಕಂಡಿತು ಧನಂಜಯನಿಗೆ.

ಬದರಿನಾಥ ಮಾತ್ರ ಕದಲಿರಲಿಲ್ಲ. "ನೋಡು, ನನ್ನ ಅನುಭವದ ಮಾತು ಹೇಳ್ತೀನಿ. ಅವರಾಗಿ ತೆಗೆಯೋಕೆ ಮುಂಚೆ ನೀನೇ ನಿನ್ನ ಮ್ಯಾನೇಜರ್‌ಗೆ, ಸದ್ಯದಲ್ಲೇ ಊರಿಗೆ ವಾಪಸ್ ಹೋಗ್ತಿದೀವಿ ಅಂತ ತಿಳಿಸಿಬಿಡು. ಮಾನ ಉಳಿಯುತ್ತೆ. ಜೊತೆಗೆ, ಸಂಸಾರಸ್ಥ ಹೊರಟಿದಾನೆ ಅಂತ ಎರಡು ತಿಂಗಳ ಸಂಬಳ ಜಾಸ್ತಿ ಕೊಟ್ಟು ಕಳಿಸ್ತಾರೆ."

"ಸುಳ್ಳಲ್ವಾ ಸಾರ್?"

"ನಾಲ್ಕು ಗಂಟೆಗೆ ಹೇಗೂ ನಿಜ ಆಗುತ್ತಲ್ಲಯ್ಯಾ!"

ಈ ತರ್ಕದಲ್ಲಿ ದೋಷವಿದೆಯೆಂದು ಧನಂಜಯನಿಗೆ ಬೇರೆ ದಿನವಾಗಿದ್ದರೆ ಹೊಳೆಯುತ್ತಿತ್ತು. ಆದರೆ ಹೆದರಿದವನಿಗೆ ಗಟ್ಟಿಯಾಗಿ ಹೇಳಿದ್ದೆಲ್ಲ ಸರಿಯೆಂದೇ ತೋರುತ್ತದೆ. ಅವನು ಮ್ಯಾನೇಜರ್‌ಗೆ ನಾಲ್ಕು ಸಾಲು ಬರೆದು ಕಳಿಸಿದ: ಮನೆಯ ಕಾರಣಗಳಿಂದಾಗಿ ಸದ್ಯದಲ್ಲೇ ಊರಿಗೆ ಮರಳುತ್ತಿದ್ದೇವೆ, ಮನೆಯ ಸಾಮಾನನ್ನೂ ಹಂಚುತ್ತಿದ್ದೇವೆ. ಉತ್ತರ ಕೂಡಲೇ ಬಂತು. 'ಸರಿಯಾದ ಹೊತ್ತಿಗೆ ಹೇಳಿದಿರಿ. ತುಂಬಾ ಥ್ಯಾಂಕ್ಸ್.'

"ಸರಿಯಾದ ಹೊತ್ತು ಅಂದ್ರೆ ಏನ್ರೀ ಅರ್ಥ?" ಎಂದು ಸುಪ್ರಿಯಾ ಗಾಬರಿಯಾದಳು. ಆ ಅರ್ಥವನ್ನು ಮಾತ್ರ ಬದರಿನಾಥ ಎಲ್ಲೂ ನೋಡಿಕೊಂಡು ಬಂದಿರಲಿಲ್ಲ.

ಆಫೀಸಿದ್ದದ್ದು ಹೆದ್ದಾರಿ ಹಿಡಿದು ಹೋಗಬೇಕಾದ ಫ್ಯಾಕ್ಟೋರಿಯಾ ಬಡಾವಣೆಯಲ್ಲಿ. ದಿನವೂ ಆ ಹೆದ್ದಾರಿಯ ಟ್ರಾಫಿಕ್ಕನ್ನು ಬಾಯಿತುಂಬ ಬಯ್ಯುತ್ತಿದ್ದ ಧನಂಜಯ ಅಂದು, ದೇವರೇ, ಒಂದು ಗಂಟೆ ಸಿಕ್ಕಿಹಾಕಿಕೊಳ್ಳಲಿ ಎಂದು ಬೇಡಿಕೊಂಡ. ರಸ್ತೆ ಖಾಲಿ ಹೊಡೆಯುತ್ತಿತ್ತು. ಒಂದು ಕೆಂಪು ದೀಪ ಕೂಡ ಅವನ ಮೇಲೆ ದಯೆ ತೋರಲಿಲ್ಲ.

ಆಫೀಸಿನಲ್ಲಿ ಚರಣ್‌ನ ಕುರ್ಚಿ ಖಾಲಿಯಿತ್ತು. ಲ್ಯಾಪ್‌ಟಾಪ್ ಇಲ್ಲ, ಬ್ಯಾಗಿಲ್ಲ. ಚರಣ್‌ನ ಕಥೆ ಮುಗಿಯಿತೇನೋ, ಇಡ್ಲಿ ತಿಂದಾದರೂ ಹೋದನಲ್ಲ ಎಂದುಕೊಂಡು ಧನಂಜಯ, ಮೀಟಿಂಗಿನ ಗಾಜಿನ ಕೋಣೆಯ ಬಾಗಿಲು ತಳ್ಳಿ, ಕಣ್ಣು ಅರ್ಧ ಮುಚ್ಚಿಕೊಂಡೇ ಒಳಗೆ ಹೋದ.

ಎದುರಿಗೆ ಕೂತಿದ್ದವಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಗಿಡ್ಡ ಕೂದಲು, ದಪ್ಪ ಕನ್ನಡಕ, ತೋಳು ಮಡಚಿದ ಅಂಗಿ.

"ಕೂತ್ಕೊಳ್ಳಿ ಧನಂಜಯ್. ನಾನು ಹ್ಯಾನಾ. ಎಚ್‌ಆರ್ ಹ್ಯಾನಾ ಅಲ್ಲ!" ಎಂದು ಅವಳೇ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. "ಈ ತಿಂಗಳೆಲ್ಲ ಎಲ್ಲರಿಗೂ ಇದನ್ನೇ ಮೊದಲು ಹೇಳ್ತಿದೀನಿ. ನಿನ್ನೆ ಒಬ್ಬರು ನನ್ನ ಹೆಸರು ನೋಡಿ ಲಾಯರ್‌ನೇ ಕರ್ಕೊಂಡು ಬಂದಿದ್ರು. ನಾನು ಹುಟ್ಟಿದ ವರ್ಷ ನಮ್ಮ ಬೀದೀಲೇ ನಾಲ್ಕು ಹ್ಯಾನಾ. ಏನು ಮಾಡೋದು, ಹೆಸರಿನ ಅರ್ಥ ಚೆನ್ನಾಗಿದೆ ಅಂತ ಸಮಾಧಾನ."

"ಗೊತ್ತು ಮೇಡಂ. ಅನುಗ್ರಹ" ಎಂದ ಧನಂಜಯ. ಬೆಳಗಿನಿಂದ ಬಿಗಿಹಿಡಿದ ಉಸಿರು ಒಮ್ಮೆಗೇ ಹೊರಬಂದು, ಅವಳ ಕಾಲಿಗೇ ಬಿದ್ದುಬಿಡೋಣ ಎನಿಸಿತು.

ಹ್ಯಾನಾಳಿಗೆ ಬಹಳ ಸಂತೋಷವಾಯಿತು. "ನೋಡಿ, ಇಷ್ಟು ತಿಳ್ಕೊಂಡಿರೋರನ್ನ ಕಳ್ಕೊಳ್ಳೋಕೆ ಬೇಜಾರಾಗುತ್ತೆ. ನಿಮ್ಮ ತಂಡವನ್ನ ಇವತ್ತು ಪೂರ್ತಿ ಮುಚ್ಚುತ್ತಿದಾರೆ. ಅದರಲ್ಲಿ ಒಬ್ಬರನ್ನ ಮಾತ್ರ ನನ್ನ ಹೊಸ ತಂಡಕ್ಕೆ ಉಳಿಸ್ಕೋಬಹುದು ಅಂದ್ರು. ನಾನು ನಿಮ್ಮ ಹೆಸರೇ ಹೇಳಿದ್ದೆ. ಗ್ರೀನ್ ಕಾರ್ಡಿಗೂ ಹಾಕಿಸೋಣ ಅಂತಿದ್ದೆ."

"ಹೇಳಿದ್ದೆ?" ಎಂದ ಧನಂಜಯ ಕ್ಷೀಣವಾಗಿ.

"ಮಧ್ಯಾಹ್ನ ನಿಮ್ಮ ಮ್ಯಾನೇಜರ್ ಓಡಿ ಬಂದು, ನೀವು ಊರಿಗೆ ಹೊರಟಿದೀರಿ, ಸಾಮಾನೆಲ್ಲ ಹಂಚ್ತಿದೀರಿ ಅಂದ್ರು. ಕೊನೇ ಗಳಿಗೇಲಾದ್ರೂ ಗೊತ್ತಾಯ್ತಲ್ಲ, ಆ ಜಾಗ ಇನ್ನೊಬ್ಬರಿಗೆ ಕೊಟ್ಟೆ. ಅವರು ಸಹಿ ಮಾಡಿನೂ ಆಯ್ತು. ನಿಮ್ಮನ್ನ ಮುಖತಃ ಬೀಳ್ಕೊಡೋಣ ಅಂತ ಮೀಟಿಂಗ್ ಹಾಗೇ ಇಟ್ಟೆ."

"ನಾನು ಎಲ್ಲೂ ಹೋಗ್ತಿಲ್ಲ ಮೇಡಂ!" ಧನಂಜಯನ ದನಿ ಕೀರಲಾಗಿ ಹೊರಬಿತ್ತು. "ಹೆದರಿ ಹಾಗೆ ಬರೆದೆ!"

"ಹೆದರಿ? ಯಾರಿಗೆ?"

ನಿಮಗೆ ಎಂದು ಹೇಳುವುದು ಹೇಗೆ? ಹ್ಯಾನಾಳ ಮುಖ ನಿಜಕ್ಕೂ ಬಾಡಿತು. ಸಹಿಯಾದದ್ದನ್ನು ತಾನು ತಿರುಗಿಸಲಾರೆ ಎಂದಳು. ಎದ್ದು ಅವನ ಭುಜ ತಟ್ಟಿದಳು. "ಇಲ್ಲೇ ಕೂತಿರಿ. ಮುಂದಿನದನ್ನ ಈಗ ಒಬ್ಬರು ಬಂದು ಹೇಳ್ತಾರೆ. ನನ್ನ ಹೆಸರಿನವರೇ" ಎಂದು ಬಾಗಿಲು ಎಳೆದುಕೊಂಡು ಹೋದಳು.

ಫೋನು ಸದ್ದು ಮಾಡಿತು. ಚರಣ್‌ನ ಮೆಸೇಜು. 'ಗುರೂ, ನಾನು ಬಚಾವ್! ಯಾರೋ ಪುಣ್ಯಾತ್ಮ ಊರಿಗೆ ಹೋಗ್ತಿದಾನಂತೆ, ಅವನ ಜಾಗ ನನಗೆ ಬಂತು. ಎರಡನೇ ಮಹಡೀಲಿ ಹೊಸ ಸೀಟು. ಸಂಜೆ ನಂದೇ ಪಾರ್ಟಿ, ನೀನು ಬರ್ಲೇಬೇಕು. ಅಂದಹಾಗೆ, ನಿನ್ನನ್ನ ಕರೆದಿದ್ದು ಯಾವ ಹ್ಯಾನಾ?'

ಗಾಜಿನಾಚೆ ಒಬ್ಬ ಹೆಂಗಸು ನಗುಮುಖದಿಂದ ಇತ್ತಲೇ ನಡೆದು ಬರುತ್ತಿದ್ದಳು. ಧನಂಜಯ ಉತ್ತರ ಬರೆದ.

'ಇಬ್ಬರೂ.'