ರೇಷ್ಮೆ ಮೇಲೆ ಗೌಜಲಕ್ಕಿ

ಚಳ್ಳಕೆರೆಯ ಗೌಜಲಕ್ಕಿ ಸಾಮ್ರಾಟ ಯಾರು ಅಂತ ಮುಂದೆ ಯಾರೇ ಕೇಳಲಿ, ಊರಿಗೆ ಊರೇ ನನ್ನ ಮನೆ ಕಡೆ ಬೆರಳು ತೋರಿಸಬೇಕು! ತೊಂಬತ್ತಾರನೇ ಇಸವಿಯ ಒಂದು ಶುಭ ಸೋಮವಾರ ನಾನು ಹೀಗೆ ಶಪಥ ಮಾಡಿದೆ. ಶಪಥ ನಡೆದದ್ದು ಅಡುಗೆಮನೆ ಬಾಗಿಲಲ್ಲಿ. ಕೇಳಿಸಿಕೊಂಡವಳು ನನ್ನ ಹೆಂಡತಿ ಮಂಗಳಗೌರಿ ಒಬ್ಬಳೇ.

"ಹೋದ ವರ್ಷ ಅಣಬೆ ಸಾಮ್ರಾಟ ಆಗಿದ್ರಲ್ಲ, ಆ ರಾಜ್ಯ ಏನಾಯ್ತು?" ಅಂದಳು, ರೊಟ್ಟಿ ತಟ್ಟುತ್ತಲೇ.

ಅಣಬೆ ವಿಷಯ ಇಲ್ಲಿ ಬೇಡ ಬಿಡಿ.

ನಾನು ಶೇಂಗಾ ಎಣ್ಣೆ ಮಿಲ್ಲಿನ ಗುಮಾಸ್ತ. ಗೌಜಲಕ್ಕಿ ಮುಷ್ಟಿಯಷ್ಟೇ ಇದ್ದರೂ ಹುಟ್ಟಿದ ಆರೇಳು ವಾರಕ್ಕೇ ಮೊಟ್ಟೆ ಇಡುತ್ತದಂತೆ. ಇನ್ನೇನು ಬೇಕು? ಮೊಟ್ಟೆ ತಂದೆ, ರಟ್ಟಿನ ಪೆಟ್ಟಿಗೆಗೆ ಬಲ್ಬು ಇಳಿಬಿಟ್ಟೆ, ಕರೆಂಟು ಹೋದಾಗಲೆಲ್ಲ ಬಿಸಿನೀರಿನ ಬಾಟಲಿ ಹಿಡಿದು ಕೂತೆ. ನಮ್ಮ ಮದುವೆ ಗೊತ್ತಾದಾಗಲೂ ನಾನು ಇಷ್ಟು ನಿದ್ದೆಗೆಟ್ಟಿರಲಿಲ್ಲವಂತೆ. ಹಾಗಂತ ಮಂಗಳಗೌರಿ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಹದಿನೇಳನೇ ದಿನ ಹನ್ನೆರಡು ಮರಿ ಹೊರಬಂದವು! ಹೆಬ್ಬೆಟ್ಟಿನಷ್ಟಿದ್ದವು, ಮೈಮೇಲೆ ಕಂದು ಪಟ್ಟೆ. ಇಂಥ ರಾಜಕುಮಾರರನ್ನು ಹರಕು ಗೋಣಿಚೀಲದ ಮೇಲೆ ಮಲಗಿಸುವುದೇ? ಛೇ! ಟ್ರಂಕು ತೆಗೆದೆ. ತಳದಲ್ಲಿ ನನ್ನ ಮದುವೆಯ ರೇಷ್ಮೆ ಶಲ್ಯ ಇತ್ತು. ಮೊಳಕಾಲ್ಮೂರಿನ ನನ್ನ ಮಾವ ಚೌಡಪ್ಪನವರು ಸ್ವಂತ ಮಗ್ಗದಲ್ಲಿ, ಅಳಿಯನಿಗೆಂದೇ ನೇಯ್ದು ಹೊದಿಸಿದ ಶಲ್ಯ. ಕೈಯಲ್ಲಿ ಹಿಡಿದರೆ ಬೆಣ್ಣೆ. ಮಡಚಿ ಪೆಟ್ಟಿಗೆಗೆ ಹಾಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಹನ್ನೆರಡೂ ಹೊಟ್ಟೆ ಮೇಲೆ ಬಿದ್ದಿವೆ! ಪ್ರತಿಯೊಂದರ ಒಂದು ಕಾಲು ಚಿತ್ರದುರ್ಗದ ಕಡೆ, ಇನ್ನೊಂದು ಬಳ್ಳಾರಿ ಕಡೆ. ಏಳಲು ನೋಡುತ್ತವೆ, ಕಾಲು ಮತ್ತೆ ಅಗಲಕ್ಕೆ ಜಾರುತ್ತವೆ.

"ರೀ, ನೀರಿನ ಹತ್ರ ಹೋಗಕ್ಕೂ ಆಗ್ತಿಲ್ಲ ಇವಕ್ಕೆ," ಅಂತ ಮಂಗಳಗೌರಿ ಬೆರಳ ತುದಿಯಲ್ಲಿ ಹನಿ ಹನಿ ನೀರು ಕುಡಿಸತೊಡಗಿದಳು. ಅವಳ ದನಿಯೇ ಬದಲಾಗಿತ್ತು. "ಹಿಂಗೇ ಇದ್ರೆ ಸತ್ತೇ ಹೋಗ್ತಾವೆ. ಏನಾದ್ರೂ ಮಾಡ್ರಿ! ನಾಳೆ ಅಪ್ಪ ಬೇರೆ ಬರ್ತಾರೆ. ಅದೇನದು ಕೆಳಗೆ ಹಾಸಿರೋದು?"

"ಯಾವುದೋ ಹಳೇ ಬಟ್ಟೆ," ಅಂದೆ. ಮರಿಗಳು ಒಂದೇ ರಾತ್ರಿಯಲ್ಲಿ ಅದಕ್ಕೆ ಬೇರೆಯದೇ ಬಣ್ಣ ಹಾಕಿದ್ದರಿಂದ ಬಚಾವಾದೆ.

ಮಿಲ್ಲಿಗೆ ಓಡಿದೆ. ಮಿಷನ್ ನೋಡಿಕೊಳ್ಳುವ ಅಜ್ಜಪ್ಪ ನನ್ನ ಗೋಳು ಕೇಳಿ ನಕ್ಕುಬಿಟ್ಟ. "ಏನ್ ಸ್ವಾಮಿ ನೀವು! ಹಸುಗೂಸಿಗೆ ಎಣ್ಣೆ ತಿಕ್ಕದೆ ಕಾಲು ಬಲಿತಾವಾ? ಇಡೀ ಊರು ಎಣ್ಣೆ ಮೇಲೆ ನಿಂತೈತೆ, ನಿಮ್ಮ ಹಕ್ಕಿ ನಿಲ್ಲಲ್ವಾ?"

ಹೌದಲ್ಲ! ತಲೆನೋವಿಗೆ ಎಣ್ಣೆ, ಉಳುಕಿಗೆ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಎಣ್ಣೆ ಅನ್ನುವ ಊರಲ್ಲಿ ಹುಟ್ಟಿ ನನಗಿದು ಹೊಳೆಯಲಿಲ್ಲವಲ್ಲ! ಒಂದು ಕ್ಯಾನು ಶೇಂಗಾ ಎಣ್ಣೆ ತಂದು, ಇಪ್ಪತ್ನಾಲ್ಕು ಕಾಲಿಗೂ ಮೂರು ಹೊತ್ತು ನೀವಿದೆ. ಕಾಲಿಗೆ ಅರ್ಧ, ಶಲ್ಯಕ್ಕೆ ಅರ್ಧ, ನೆಲಕ್ಕೆ ಮಿಕ್ಕಿದ್ದು. ಪರಿಣಾಮ? ಮೊದಲು ಮೊಳಕಾಲ್ಮೂರಿನವರೆಗೆ ಹೋಗಿ ನಿಲ್ಲುತ್ತಿದ್ದ ಕಾಲು ಈಗ ನಾನ್‌ಸ್ಟಾಪ್ ಬಳ್ಳಾರಿಗೆ ಹೊರಟಿತು!

ಮರುದಿನ ಭಾನುವಾರ, ಮೊದಲ ಬಸ್ಸಿಗೇ ಮಾವ ಬಂದಿಳಿದರು. ಮಗಳು ಕೈಹಿಡಿದು ಪೆಟ್ಟಿಗೆ ಹತ್ತಿರ ಕರೆದೊಯ್ದಳು. "ಅಪ್ಪ, ಇವನ್ನ ಹೆಂಗಾದ್ರೂ ಉಳಿಸಪ್ಪ."

ಮಾವ ಬಗ್ಗಿ ನೋಡಿದರು. "ಅಯ್ಯೋ ಪಾಪ! ಇದು ಕಾಯಿಲೆ ಅಲ್ಲ ಕಣವ್ವ. ಹುಟ್ಟಿದ ದಿನ ಕಾಲೂರೋಕೆ ಹಿಡಿತ ಬೇಕು. ಕೆಳಗೆ ಜಾರ್ತೈತೆ. ಏನ್ ಹಾಸಿದೀರಿ ಅಳಿಯಂದ್ರೇ?"

"ಹಳೇ..." ಅಂದೆ.

ಅಷ್ಟರಲ್ಲಿ ಮಾವ ಎರಡು ಬೆರಳಲ್ಲಿ ಬಟ್ಟೆಯ ಅಂಚು ಹಿಡಿದು ಸವರಿದರು. ಮತ್ತೊಮ್ಮೆ ಸವರಿದರು. ನಲವತ್ತು ವರ್ಷ ಮಗ್ಗದಲ್ಲಿ ಕೂತ ಕೈ ಅದು. ಅದಕ್ಕೆ ಬಣ್ಣ ಕಾಣಬೇಕಿಲ್ಲ.

"ಈ ಅಂಚು ನಾನು ಹಾಕಿದ್ದು," ಅಂದರು, ಮೆಲ್ಲಗೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ. ತಪ್ಪಾಯ್ತು ಅಂತ ಕಾಲಿಗೆ ಬೀಳೋಣವೆಂದು ಎರಡು ಹೆಜ್ಜೆ ಮುಂದಿಟ್ಟೆ ನೋಡಿ, ನೆಲದ ಎಣ್ಣೆ! ಸೊಂಯ್ಯನೆ ನನ್ನ ಒಂದು ಕಾಲು ಚಿತ್ರದುರ್ಗಕ್ಕೆ, ಇನ್ನೊಂದು ಬಳ್ಳಾರಿಗೆ!

"ಗೌರೀ," ಅಂದರು ಮಾವ, "ಹದಿಮೂರನೇದಕ್ಕೂ ಅದೇ ಕಾಯಿಲೆ ಕಣವ್ವ!"

ನನ್ನನ್ನು ಯಾರಾದರೂ ಎತ್ತಿದರೇ? ಇಲ್ಲ! ಮೊದಲು ಮರಿಗಳಿಗೆ ಚಿಕಿತ್ಸೆ. ಬೆಚ್ಚನೆ ಒದ್ದೆ ಬಟ್ಟೆಯಲ್ಲಿ ಎಣ್ಣೆ ಒರೆಸಿ ಬಲ್ಬಿನ ಕೆಳಗೆ ಒಣಗಿಸಿದರು. ಪೆಟ್ಟಿಗೆಗೆ ನಮ್ಮ ಮನೆಯ ಹಳೇ ಕರೀ ಕಂಬಳಿ ಹಾಸಿದರು. ಅದರ ತುದಿಯಿಂದಲೇ ಉಣ್ಣೆ ಎಳೆ ಕಿತ್ತು, ಎರಡು ಕಾಲನ್ನೂ ನೆಟ್ಟಗೆ ತಂದು, ನಡುವೆ ಸ್ವಲ್ಪ ಜಾಗ ಬಿಟ್ಟು ಸಡಿಲವಾಗಿ ಕಟ್ಟಿದರು.

"ರೇಷ್ಮೆ ಎಳೆಯಲ್ಲಿ ಕಟ್ಟಬಾರದಾ ಅಪ್ಪ?"

"ಬ್ಯಾಡವ್ವ, ಎಳೇ ಕಾಲು ಕುಯ್ದಾಕ್ತೈತೆ. ಉಣ್ಣೆ ಮೆತ್ತಗೆ ಹಿಡೀತೈತೆ."

ಮೂರನೇ ದಿನ ದಾರ ಬಿಚ್ಚಿದಾಗ ಹನ್ನೆರಡೂ ಎದ್ದು ನಿಂತವು, ನೀರಿನ ಬಟ್ಟಲಿಗೆ ದೌಡಾಯಿಸಿದವು! ಮಂಗಳಗೌರಿಗೆ ಸಂತೋಷಕ್ಕೆ ಕಣ್ಣೀರೇ ಬಂತು. ತೊಡೆಯ ನರ ಹಿಡಿದು ಪಕ್ಕದಲ್ಲೇ ಚಾಪೆ ಮೇಲೆ ನರಳುತ್ತಿದ್ದ ನನ್ನ ಕಡೆ ತಿರುಗುವಷ್ಟರಲ್ಲಿ ಆ ಕಣ್ಣೀರು ಪೂರ್ತಿ ಒಣಗಿತ್ತು.

ಯುಗಾದಿಗೆ ಮಾವನ ಮನೆಗೆ ಹೋದೆವು. ಮಗಳಿಗೆ ರೇಷ್ಮೆ ಸೀರೆ ಕೊಟ್ಟರು. ನನ್ನ ಕೈಗೂ ಒಂದು ಗಂಟು ಇಟ್ಟರು. ಭಾರವಾಗಿತ್ತು! ದೊಡ್ಡ ಮನುಷ್ಯರು, ಎಲ್ಲ ಮರೆತು ಜೋಡಿ ಶಲ್ಯವನ್ನೇ ಕೊಟ್ಟರು ಅಂತ ಗಂಟನ್ನು ಕಣ್ಣಿಗೊತ್ತಿಕೊಂಡೆ. ಬಿಚ್ಚಿದೆ. ಒಳಗೆ ಕರೀ ಕಂಬಳಿ!

"ಮಾವಾ, ಇದು..." ಅಂದೆ.

"ಶಲ್ಯ ಇನ್ನೊಂದು ನೇಯ್ದುಕೊಡ್ತೀನಿ ಅಳಿಯಂದ್ರೇ, ಅದೇನು ದೊಡ್ಡ ಮಾತಲ್ಲ," ಅಂದರು ಮಾವ, ಬೆನ್ನು ತಟ್ಟುತ್ತಾ. "ಮೊದ್ಲು ನೀವು ಇದ್ರ ಮೇಲೆ ಕಾಲೂರಿ ನಿಲ್ಲೋದು ಕಲೀರಿ!"